ರಸ್ತೆ ಕೇಂದ್ರದ್ದು, ಗುಡ್ಡ ಯಾರದ್ದು?

ಅಂಕೋಲಾ ಕಡೆಯ ನಿವೃತ್ತ ಮಾಸ್ತರ್ರೊಬ್ರು ಬರೆದಿದ್ದಾರೆ: "ಶಿರೂರಲ್ಲಿ ಗುಡ್ಡ ಕುಸಿದಾಗಿಂದ ನೋಡ್ತಾ ಇದ್ದೇನೆ, ಹೆದ್ದಾರಿ ಬಗ್ಗೆ ಕೇಳಿದ್ರೆ ಒಬ್ರು ದಿಲ್ಲಿ ಕಡೆ ಕೈ ತೋರಿಸ್ತಾರೆ, ಇನ್ನೊಬ್ರು ಬೆಂಗ್ಳೂರು ಕಡೆ. ಇವರಿಬ್ರನ್ನ ಒಟ್ಟಿಗೆ ಕೂರಿಸೋ ಜಾಗ ಅಂತ ಸಂವಿಧಾನದಲ್ಲಿ ಇಲ್ವಾ?"

ಮಾಸ್ತರ್ರೇ, ಇದೆ. 263ನೇ ವಿಧಿ. ಕೇಂದ್ರ-ರಾಜ್ಯ ಸಂಬಂಧ ನೋಡೋಕೆ ಮಾಡಿದ್ದ ಸರ್ಕಾರಿಯಾ ಆಯೋಗ ಹೇಳಿದ ಮೇಲೆ 1990ರಲ್ಲಿ ಅಂತರರಾಜ್ಯ ಮಂಡಳಿ ಮಾಡಿದ್ರು, ಪ್ರಧಾನಿ ಅಧ್ಯಕ್ಷರು, ಮುಖ್ಯಮಂತ್ರಿಗಳೆಲ್ಲ ಸದಸ್ಯರು. ಅದರ 11ನೇ ಸಭೆ ಆಗಿದ್ದು 2016ರ ಜುಲೈ 16ಕ್ಕೆ. ಶಿರೂರು ಗುಡ್ಡ ಬಿದ್ದಿದ್ದು 2024ರ ಜುಲೈ 16ಕ್ಕೆ. ನಡುವಿನ ಎಂಟು ವರ್ಷ ಆ ಮಂಡಳಿ ಒಂದ್ಸಲಾನೂ ಸೇರಿರಲಿಲ್ಲ, ಇದು ನಂಗೆ ತುಂಬಾ ಬೇಜಾರಿನ ವಿಷಯ.

ಯಾಕೆ ಹಿಂಗೆ ಅಂದ್ರೆ ಅಲ್ಲಿ ಸಲಹೆ ಕೊಡ್ಬಹುದು ಅಷ್ಟೇ. ಜಿಎಸ್‌ಟಿ ತೆರಿಗೆ ಬಗ್ಗೆ ಕೇಂದ್ರ, ರಾಜ್ಯ ಕೂತು ಮಾತಾಡೋ ಜಿಎಸ್‌ಟಿ ಕೌನ್ಸಿಲ್ ನೋಡಿ, ಕೇಂದ್ರದ ವೋಟಿಗೆ ಮೂರರಲ್ಲಿ ಒಂದು ಪಾಲು ತೂಕ, ರಾಜ್ಯಗಳದ್ದು ಎಲ್ಲಾ ಸೇರಿ ಎರಡು ಪಾಲು, ಏನೇ ಪಾಸಾಗ್ಬೇಕಂದ್ರೂ ಮುಕ್ಕಾಲು ವೋಟು ಬೇಕು, ಹಂಗಾಗಿ ಜಗಳ ಆಡ್ಕೊಂಡಾದ್ರೂ ಕೂರಲೇಬೇಕು. ನಮ್ಮ ಕೊಂಕಣ ರೈಲ್ವೆನೂ ಅಷ್ಟೇ, ಕೇಂದ್ರದ ಜೊತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ನಾಲ್ಕೂ ದುಡ್ಡು ಹಾಕಿ ಶುರು ಮಾಡಿದ್ದು, ನಮ್ಮದು ಶೇ. 15 ಇತ್ತು. ಗಂಟು ಹಾಕಿದವ್ರು ಬಿಟ್ಟು ಹೋಗೋದಿಲ್ಲ.

ಶಿರೂರಲ್ಲಿ ಅಂಥ ಗಂಟೇ ಇರ್ಲಿಲ್ಲ. ಯಾವ ವಿಷಯ ಯಾರ ಕೈಲಿ ಅಂತ ಸಂವಿಧಾನದಲ್ಲಿ ಪಟ್ಟಿಗಳಿವೆ: ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಪಟ್ಟೀಲಿ, ಜಮೀನು ರಾಜ್ಯದ ಪಟ್ಟೀಲಿ, ಕಾಡು 1976ರ ತಿದ್ದುಪಡಿ ಆದ್ಮೇಲೆ ಇಬ್ರದ್ದೂ. ರಸ್ತೆ ಪಕ್ಕದ ಚಾ ಅಂಗಡಿ ಮನೆಮಂದಿ ಸಮೇತ ಹೋಯ್ತು, ಆ ಮಣ್ಣಿಗೆ ಇದ್ಯಾವ ಪಟ್ಟಿನೂ ಗೊತ್ತಿಲ್ಲ. ಆಮೇಲೆ ನೋಡಿ, ಗಂಗಾವಳಿ ಹೊಳೆಗೆ ಇಳಿದ ನೌಕಾಪಡೆ ಮುಳುಗುಗಾರರು ಕೇಂದ್ರದವ್ರು, ಗೋವಾದಿಂದ ಬಂದ ಹೂಳೆತ್ತೋ ಡ್ರೆಜರ್ ಖರ್ಚು ರಾಜ್ಯದ್ದು, ಸೆಪ್ಟೆಂಬರ್ 25ಕ್ಕೆ ಗುಡ್ಡ ಬಿದ್ದಾಗ ಹೊಳೆ ಪಾಲಾಗಿದ್ದ ಕೇರಳದ ಚಾಲಕನ ಲಾರಿ ಮೇಲೆ ಬಂತು. ಅನಾಹುತ ಆದ್ಮೇಲೆ ಎಲ್ರೂ ಒಂದಾಗಿ ದುಡೀತಾರೆ, ಗುಡ್ಡ ಕಡಿಯೋವಾಗ ಒಟ್ಟಿಗೆ ಕೂತು ನೋಡೋದಿಲ್ಲ, ನನ್ನ ತಕರಾರು ಇದೇ.

ದಿಲ್ಲಿ ಮಂಡಳಿಗೆ ಕಾಯೋದು ಬೇಡ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಡೀಸಿಯವ್ರೇ ಅಧ್ಯಕ್ಷರು, ಅಪಾಯದ ಜಾಗ ಗುರುತಿಸಿ ಮುಂಜಾಗ್ರತೆ ಮಾಡಿಸೋದು ಅದರ ಕೆಲಸ. ಹೆದ್ದಾರಿಯವ್ರು, ಅರಣ್ಯದವ್ರು, ಕಂದಾಯದವ್ರು, ಭೂವಿಜ್ಞಾನಿಗಳು ಎಲ್ರನ್ನೂ ಮಳೆಗಾಲಕ್ಕೆ ಮುಂಚೆನೇ ಒಂದೇ ಸಭೇಲಿ ಕೂರಿಸಿ, ಯಾವ ಗುಡ್ಡಕ್ಕೆ ಯಾರು ಜವಾಬ್ದಾರಿ ಅಂತ ನಡಾವಳೀಲಿ ಬರೆಸಿ ಅಂತ ಅರ್ಜಿ ಕೊಡಿ. ನಿಮ್ಮೂರ ಗುಡ್ಡದ ಫೋಟೋನೂ ಇಡಿ, ಒಂದು ಪ್ರತಿ ನಮಗೂ ಕಳಿಸಿ, ಪೂರ್ತಿ ಅಚ್ಚು ಹಾಕ್ತೇವೆ.

— ಸಂಪಾದಕ