ಚೌಕದ ಪಟ್ಟಿಯಲ್ಲಿ ಉಳಿದ ಆಟಗಳು

ಟಿವಿಗೆ ಜೋಡಿಸಿ ಆಡುತ್ತಿದ್ದ ಹಳೆಯ ವಿಡಿಯೋ ಗೇಮ್‌ಗಳಲ್ಲಿ ಎಲ್ಲರೂ ಹೇಳುವ ಒಂದೆರಡನ್ನು ಬಿಟ್ಟು ಉಳಿದವುಗಳ ನೆನಪಿದ್ದರೆ ಬರೆಯಿರಿ, ಅವುಗಳ ಸ್ಟೇಜ್‌ಗಳ ನಕ್ಷೆ ಬರೆದಿಟ್ಟಿದ್ದರೆ ತಿಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆ. ಉತ್ತರ ಕನ್ನಡ ಜಿಲ್ಲೆಯಿಂದ ಬಂದ ಐದು ಪತ್ರಗಳಿಗೆ ಈ ಸಲ ಉತ್ತರಿಸಿದ್ದೇನೆ. ನಾನೂ ಹೊನ್ನಾವರದಲ್ಲಿ ಬೆಳೆದವನಾದ್ದರಿಂದ ಇವುಗಳನ್ನು ಓದುವಾಗ ನನ್ನ ಮನೆಯ ಜಗುಲಿಯೇ ಕಣ್ಣ ಮುಂದೆ ಬಂದಿತು.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ ಅಪ್ಪಯ್ಯ ಒಂದು ಹಳದಿ ಕ್ಯಾಸೆಟ್ ಕೊಡಿಸಿದ್ದ. ಅದರಲ್ಲಿ ಎರಡು ಪೆಂಗ್ವಿನ್‌ಗಳ ಆಟವಿತ್ತು. ಒಂದನ್ನು ಬಲಕ್ಕೆ ನಡೆಸಿದರೆ ಇನ್ನೊಂದು ಎಡಕ್ಕೆ ಹೋಗುತ್ತಿತ್ತು. ನಾನೂ ತಂಗಿಯೂ ಅದನ್ನು ‘ಗಂಡ-ಹೆಂಡತಿ ಆಟ’ ಎನ್ನುತ್ತಿದ್ದೆವು. ಅದರ ನಿಜವಾದ ಹೆಸರೇನು? – ಓದುಗರು, ಶಿರಸಿ

ಉತ್ತರ: ಅದರ ಹೆಸರು ‘ಬೈನರಿ ಲ್ಯಾಂಡ್’. ಜಪಾನಿನ ಹಡ್ಸನ್ ಸಾಫ್ಟ್ ಕಂಪನಿಯು 1985ರಲ್ಲಿ ಇದನ್ನು ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ತಂದಿತು. ಪೆಂಗ್ವಿನ್‌ಗಳ ಹೆಸರು ಗುರಿನ್ ಮತ್ತು ಮಲೋನ್. ಮೇಲೆ, ಕೆಳಗೆ ಹೋಗುವಾಗ ಇಬ್ಬರೂ ಒಟ್ಟಿಗೇ ಹೋಗುತ್ತಾರೆ. ಎಡ-ಬಲಕ್ಕೆ ಹೋಗುವಾಗ ಮಾತ್ರ ಒಬ್ಬರು ಇನ್ನೊಬ್ಬರ ಕನ್ನಡಿಯ ಬಿಂಬದಂತೆ ನಡೆಯುತ್ತಾರೆ. ತೆರೆಯ ಮೇಲ್ತುದಿಯ ನಡುವೆ ಪಂಜರದಲ್ಲಿರುವ ಹೃದಯವನ್ನು ಇಬ್ಬರೂ ಎರಡು ಕಡೆಯಿಂದ ಬಂದು ಮುಟ್ಟಬೇಕು. ಜೇಡರ ಬಲೆಯಲ್ಲಿ ಒಬ್ಬರು ಸಿಕ್ಕಿಕೊಂಡರೆ ಇನ್ನೊಬ್ಬರೇ ಬಂದು ಬಿಡಿಸಬೇಕು. ನೀವಿಬ್ಬರೂ ಇಟ್ಟ ಹೆಸರು ಕಂಪನಿ ಇಟ್ಟ ಹೆಸರಿಗಿಂತ ಆಟಕ್ಕೆ ಹೆಚ್ಚು ಹತ್ತಿರವಾಗಿದೆ ಎಂದೇ ನನಗೆ ಅನ್ನಿಸುತ್ತದೆ.

ನಿಮಗೆ ಹೆಸರು ತಿಳಿಯದೆ ಹೋದುದಕ್ಕೆ ಕಾರಣವಿದೆ. ನಮ್ಮ ಊರುಗಳಿಗೆ ಬಂದ ಯಂತ್ರಗಳಲ್ಲಿ ಹೆಚ್ಚಿನವು 1983ರ ಫ್ಯಾಮಿಕಾಮ್‌ನ ನಕಲುಗಳು, ಕ್ಯಾಸೆಟ್‌ಗಳೂ ನಕಲುಗಳೇ. ಅವುಗಳ ಮೇಲಿನ ಚಿತ್ರಕ್ಕೂ ಒಳಗಿನ ಆಟಕ್ಕೂ ಸಂಬಂಧವಿರುತ್ತಿರಲಿಲ್ಲ, ಆಟದ ಮೊದಲ ತೆರೆಯಲ್ಲಿರುತ್ತಿದ್ದ ಕಂಪನಿಯ ಹೆಸರನ್ನೂ ವರ್ಷವನ್ನೂ ಎಷ್ಟೋ ಸಲ ಅಳಿಸಿಬಿಟ್ಟಿರುತ್ತಿದ್ದರು. ಹಡ್ಸನ್ ಕಂಪನಿಯೂ 2012ರಲ್ಲಿ ಕೊನಾಮಿಯಲ್ಲಿ ವಿಲೀನವಾಯಿತು.

ಇದರ ನಕ್ಷೆ ಬರೆಯುವ ಮನಸ್ಸಿದ್ದರೆ ಒಂದು ಮಾತು. ಗೋಡೆಗಳನ್ನಷ್ಟೇ ಗುರುತಿಸಿದರೆ ಈ ಆಟದಲ್ಲಿ ಏನೂ ತಿಳಿಯುವುದಿಲ್ಲ. ಒಬ್ಬರಿಗೆ ಗೋಡೆ ಅಡ್ಡ ಬಂದು ನಿಂತಾಗ ಇನ್ನೊಬ್ಬರು ಮುಂದೆ ಹೋಗುತ್ತಲೇ ಇರುವುದರಿಂದ ಇಬ್ಬರ ಸಾಲು ತಪ್ಪುತ್ತದೆ, ಹಾಗೆ ತಪ್ಪಿದ ಸಾಲನ್ನು ಇನ್ನೊಂದು ಗೋಡೆಯ ಸಹಾಯದಿಂದ ಸರಿಪಡಿಸಿಕೊಳ್ಳುವುದರಲ್ಲೇ ಆಟದ ಜೀವವಿದೆ. ಆದ್ದರಿಂದ ಎರಡು ಬಣ್ಣದ ಪೆನ್ಸಿಲ್‌ಗಳಲ್ಲಿ ಇಬ್ಬರ ದಾರಿಯನ್ನೂ ಬರೆದು, ಒಬ್ಬರು ನಿಂತ ಜಾಗದಲ್ಲಿ ಚುಕ್ಕೆ ಇಡಿ. ತಂಗಿಯವರನ್ನೂ ಕೂರಿಸಿಕೊಂಡರೆ ಮರೆತ ತಿರುವುಗಳು ಬೇಗ ನೆನಪಾದಾವು.

ಪ್ರಶ್ನೆ: ನಾವು ‘ಐಲ್ಯಾಂಡರ್’ ಎನ್ನುತ್ತಿದ್ದ, ಕೊಡಲಿ ಎಸೆಯುತ್ತ ಓಡುವವನ ಆಟದ ಪೂರ್ತಿ ನಕ್ಷೆ ಮಾಡಬೇಕೆಂದಿದ್ದೇನೆ. ಹಳೆಯ ಟಿವಿಯ ತೆರೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಜೋಡಿಸಲು ನೋಡಿದೆ. ಒಂದಕ್ಕೊಂದು ಕೂಡುತ್ತಿಲ್ಲ. ಸರಿಯಾದ ವಿಧಾನ ಯಾವುದು? – ಓದುಗರು, ಕಾರವಾರ

ಉತ್ತರ: ಅದು 1986ರ ‘ಅಡ್ವೆಂಚರ್ ಐಲ್ಯಾಂಡ್’. ಇದೂ ಹಡ್ಸನ್‌ನದೇ. ಎಂಟು ಪ್ರದೇಶಗಳು, ಪ್ರತಿಯೊಂದರಲ್ಲಿ ನಾಲ್ಕು ಸುತ್ತು, ಒಟ್ಟು 32. ಹಿಡಿದರೆ ಒಂದು ಮಳೆಗಾಲ ಪೂರ್ತಿ ಬೇಕಾಗುವ ಕೆಲಸವಿದು, ಆದರೆ ಖಂಡಿತ ಮಾಡತಕ್ಕದ್ದು.

ಫೋಟೋಗಳು ಕೂಡದಿರುವುದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಹಳೆಯ ಪಿಕ್ಚರ್ ಟ್ಯೂಬಿನ ಗಾಜು ಉಬ್ಬಿರುವುದರಿಂದ ಅಂಚಿನ ಗೆರೆಗಳು ಬಾಗುತ್ತವೆ, ಚಿತ್ರದ ಸುತ್ತಲಿನ ಸ್ವಲ್ಪ ಭಾಗವು ಟಿವಿಯ ಚೌಕಟ್ಟಿನ ಹಿಂದೆ ಅಡಗಿಯೇ ಇರುತ್ತದೆ. ಕಂಪ್ಯೂಟರಿನಲ್ಲಿ ಎಮ್ಯುಲೇಟರನ್ನು, ಅಂದರೆ ಹಳೆಯ ಯಂತ್ರದಂತೆಯೇ ಆಟ ನಡೆಸುವ ತಂತ್ರಾಂಶವನ್ನು, ಬಳಸಿದಾಗ ಪೂರ್ತಿ ಚಿತ್ರ ಸಿಗುತ್ತದೆ, ಮತ್ತು ಬಾಲ್ಯದಲ್ಲಿ ನಾವು ಎಂದೂ ಕಾಣದ ಒಂದು ಸಾಲು ಇಟ್ಟಿಗೆ ಮೊದಲ ಸಲ ಕಣ್ಣಿಗೆ ಬೀಳುತ್ತದೆ. ನಕ್ಷೆ ನೆನಪಿಗಿಂತ ದೊಡ್ಡದಾಗಿ ಕಂಡರೆ ಗಾಬರಿಯಾಗಬೇಡಿ.

ಈ ಯಂತ್ರವು ಚಿತ್ರ ಕಟ್ಟುವ ಬಗೆ ತಿಳಿದರೆ ಜೋಡಣೆ ಸುಲಭವಾಗುತ್ತದೆ. ತೆರೆಯ ಅಳತೆ 256 ಪಿಕ್ಸೆಲ್ ಅಗಲ, 240 ಪಿಕ್ಸೆಲ್ ಎತ್ತರ. ಅದನ್ನು 8 ಪಿಕ್ಸೆಲ್‌ಗಳ ಚೌಕದ ಬಿಲ್ಲೆಗಳಿಂದ, ಅಡ್ಡಕ್ಕೆ 32, ಉದ್ದಕ್ಕೆ 30, ಅಂದರೆ 960 ಬಿಲ್ಲೆಗಳಿಂದ ನೆಲಕ್ಕೆ ಹೆಂಚು ಹಾಸಿದಂತೆ ಹಾಸಿರುತ್ತಾರೆ. ಬಣ್ಣವನ್ನು ಮಾತ್ರ 16 ಪಿಕ್ಸೆಲ್‌ಗಳ ಚೌಕಕ್ಕೆ ಒಂದರಂತೆ ಕೊಡಲಾಗುತ್ತದೆ. ಮಾರಿಯೋ ಆಟದಲ್ಲಿ ಮೇಲಿನ ಮೋಡ ಮತ್ತು ನೆಲದ ಪೊದೆ ಎರಡಕ್ಕೂ ಒಂದೇ ಬಿಲ್ಲೆಗಳನ್ನು ಬಳಸಿ ಬಣ್ಣವನ್ನಷ್ಟೇ ಬದಲಿಸಿದ್ದು ಈ ವ್ಯವಸ್ಥೆಯಿಂದಲೇ ಸಾಧ್ಯವಾಯಿತು. ಆದ್ದರಿಂದ ನೀವೂ 16 ಪಿಕ್ಸೆಲ್‌ಗಳ ಚೌಕವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ: ಒಂದು ತೆರೆಗೆ ಅಡ್ಡ 16, ಉದ್ದ 15 ಚೌಕ.

ಮೆಸೆನ್, ಎಫ್‌ಸಿಇಯುಎಕ್ಸ್‌ನಂತಹ ಎಮ್ಯುಲೇಟರ್‌ಗಳಲ್ಲಿ ಹಿನ್ನೆಲೆಯ ಬಿಲ್ಲೆಗಳನ್ನು ಮಾತ್ರ ತೋರಿಸುವ ಕಿಟಕಿಯೊಂದಿದೆ. ಆಟವನ್ನು ಸ್ವಲ್ಪ ಮುಂದಕ್ಕೆ ನಡೆಸಿ, ನಿಲ್ಲಿಸಿ, ಅದನ್ನು ಉಳಿಸಿಕೊಳ್ಳಿ. ಹಿಂದಿನ ಚಿತ್ರದ ನಾಲ್ಕಾರು ಚೌಕಗಳು ಹೊಸ ಚಿತ್ರದಲ್ಲೂ ಇರುವಂತೆ ನೋಡಿಕೊಂಡರೆ ಜೋಡಿಸುವಾಗ ತಪ್ಪುವುದಿಲ್ಲ. ಚಿತ್ರಗಳನ್ನು ಪಿಎನ್‌ಜಿ ರೂಪದಲ್ಲೇ ಇಡಿ. ಜೆಪಿಜಿಯಲ್ಲಿಟ್ಟರೆ ಬಿಲ್ಲೆಗಳ ಅಂಚು ಕದಡಿಹೋಗುತ್ತದೆ. ಎಮ್ಯುಲೇಟರಿಗೆ ಬೇಕಾದ ಆಟದ ಫೈಲನ್ನು ನಿಮ್ಮ ಕ್ಯಾಸೆಟ್‌ನಿಂದಲೇ ಓದಿಸಿಕೊಳ್ಳುವ ಸಾಧನಗಳಿವೆ. ನಕ್ಷೆ ಯಾವ ಕ್ಯಾಸೆಟ್‌ನದು ಎಂಬ ಅನುಮಾನ ಆಗ ಉಳಿಯುವುದಿಲ್ಲ.

ಹಿನ್ನೆಲೆ ಮುಗಿದ ಮೇಲೆ ಶತ್ರುಗಳು. ಇಲ್ಲಿ ಅವಸರ ಮಾಡಬಾರದು. ಅಡ್ಡಕ್ಕೆ ಒಂದೇ ಗೆರೆಯಲ್ಲಿ ಚಲಿಸುವ ಚಿತ್ರಗಳ ಎಂಟು ತುಣುಕುಗಳಿಗಿಂತ ಹೆಚ್ಚನ್ನು ಈ ಯಂತ್ರ ತೋರಿಸಲಾರದು. ಒಂಬತ್ತನೆಯದು ಬಂದರೆ ಯಾವುದಾದರೊಂದು ಕಾಣೆಯಾಗುತ್ತದೆ, ನಾವು ಬಾಲ್ಯದಲ್ಲಿ ಕಂಡ ಮಿಣುಕು ಅದೇ. ಒಂದೇ ಚಿತ್ರವನ್ನು ನಂಬಿದರೆ ಅಲ್ಲಿದ್ದ ಬಸವನಹುಳು ನಕ್ಷೆಯಲ್ಲಿ ಬಿಟ್ಟುಹೋದೀತು. ಪ್ರತಿ ಜಾಗವನ್ನೂ ಎರಡು ಮೂರು ಸಲ ದಾಟಿ, ಶತ್ರು ಮೊದಲು ಕಾಣಿಸಿಕೊಂಡ ಜಾಗವನ್ನಷ್ಟೇ ಗುರುತಿಸಿ. ಕಣ್ಣಿಗೆ ಕಾಣದ ಮೊಟ್ಟೆಗಳಿಗೆ ಬೇರೆ ಗುರುತಿರಲಿ, ಮತ್ತು ನೀವೇ ಹೊರತೆಗೆದು ನೋಡಿದವುಗಳನ್ನು ಮಾತ್ರ ಬರೆಯಿರಿ. ಗೆಳೆಯ ಹೇಳಿದ್ದಕ್ಕೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಈ ಆಟದಲ್ಲಿ ಹಣ್ಣು ತಿನ್ನದೆ ನಿಂತರೆ ಶಕ್ತಿ ಇಳಿಯುತ್ತ ಹೋಗಿ ಜೀವವೇ ಹೋಗುವುದರಿಂದ, ನಿಂತು ನೋಡಿ ನಕ್ಷೆ ಬರೆಯುವ ಅವಕಾಶ ನಮಗೆ ಆಗ ಇರಲೇ ಇಲ್ಲ. ಬಹುಶಃ ಇದರ ಒಂದು ಸುತ್ತನ್ನೂ ನಮ್ಮಲ್ಲಿ ಯಾರೂ ನಿಧಾನವಾಗಿ ನೋಡಿರಲಾರರು. ಈಗ ಎಮ್ಯುಲೇಟರನ್ನು ನಿಲ್ಲಿಸಿಟ್ಟು ಆ ಕಾಡನ್ನೂ ಕಡಲನ್ನೂ ಮನಸಾರೆ ನೋಡಬಹುದು.

ಪ್ರಶ್ನೆ: ಮಾರಿಯೋದಲ್ಲಿ ಎಷ್ಟು ಈಜಿದರೂ ಮುಗಿಯದ ನೀರಿನ ಸ್ಟೇಜ್ ಒಂದನ್ನು ನಾನು ನೋಡಿದ್ದೇನೆ. ಹೇಳಿದರೆ ಯಾರೂ ನಂಬುವುದಿಲ್ಲ. – ಓದುಗರು, ಅಂಕೋಲಾ

ಉತ್ತರ: ನಾನು ನಂಬುತ್ತೇನೆ. 1-2ನೇ, ಅಂದರೆ ಮೊದಲ ಲೋಕದ ಎರಡನೆಯ, ಸ್ಟೇಜಿನ ಕೊನೆಯಲ್ಲಿ ಗೋಡೆಯೊಳಗಿಂದ ನುಸುಳಿ, ಮುಂದಿನ ಕೋಣೆಯ ಮಾಹಿತಿ ಸಿದ್ಧವಾಗುವ ಮುನ್ನವೇ ಅಲ್ಲಿನ ಕೊಳವೆಗೆ ಇಳಿದರೆ ಯಂತ್ರವು ಮಾರಿಯೋನನ್ನು 36ನೇ ಲೋಕಕ್ಕೆ ಕಳಿಸುತ್ತದೆ. ಅಂತಹ ಲೋಕವೇ ಇಲ್ಲ. 36ನೇ ಬಿಲ್ಲೆ ಖಾಲಿಯಾಗಿರುವುದರಿಂದ ತೆರೆಯ ಮೇಲೆ ಅಂಕಿಯ ಜಾಗ ಖಾಲಿಯಿದ್ದು ‘-1’ ಎಂದಷ್ಟೇ ಕಾಣುತ್ತದೆ. ಕೊನೆಯ ಕೊಳವೆಗೆ ಹೊಕ್ಕರೆ ಮತ್ತೆ ಅದೇ ಸ್ಟೇಜಿನ ಆರಂಭಕ್ಕೆ ಬರುತ್ತೀರಿ. ನಿಮ್ಮ ನೆನಪು ಸರಿಯಾಗಿದೆ, ಅದನ್ನು ನಕ್ಷೆಯಲ್ಲಿ ಧೈರ್ಯವಾಗಿ ಸೇರಿಸಿ.

ಪ್ರಶ್ನೆ: ಅಟ್ಟದಲ್ಲಿ ‘9999999 ಆಟಗಳು’ ಎಂದು ಬರೆದಿರುವ ಕ್ಯಾಸೆಟ್ ಸಿಕ್ಕಿದೆ. ಯಂತ್ರವೂ ಇದೆ. ಎಲ್ಲಿಂದ ಆರಂಭಿಸಲಿ? – ಓದುಗರು, ಭಟ್ಕಳ

ಉತ್ತರ: ಅವಸರದಲ್ಲಿ ಚಾಲೂ ಮಾಡಬೇಡಿ. ಕಡಲ ಗಾಳಿಯ ಉಪ್ಪು ಮತ್ತು ಮಳೆಗಾಲದ ತೇವ ಸೇರಿ ಕ್ಯಾಸೆಟ್‌ನ ತಾಮ್ರದ ಹಲ್ಲುಗಳಿಗೆ ಕಿಲುಬು ಹಿಡಿದಿರುತ್ತದೆ. ನಾವೆಲ್ಲ ಮಾಡುತ್ತಿದ್ದಂತೆ ಬಾಯಿಂದ ಊದಿದರೆ ಉಗುಳಿನ ತೇವವೂ ಸೇರುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿ, ಪೂರ್ತಿ ಒಣಗಲು ಬಿಡಿ. ಅಡಾಪ್ಟರಿನ ವೋಲ್ಟೇಜ್ ಮತ್ತು ಪಿನ್ನಿನ ಪ್ಲಸ್-ಮೈನಸ್ ಯಂತ್ರಕ್ಕೆ ಹೊಂದುತ್ತವೆಯೇ ಎಂದು ರೇಡಿಯೋ ರಿಪೇರಿ ಮಾಡುವವರ ಹತ್ತಿರ ನೋಡಿಸಿಕೊಳ್ಳಿ. ನಕಲು ಯಂತ್ರಗಳಲ್ಲಿ ಇದು ಒಂದೇ ತೆರನಾಗಿಲ್ಲ.

ಆ ಕ್ಯಾಸೆಟ್‌ನಲ್ಲಿ ನಿಜವಾಗಿ ಇರುವುದು ಬೆರಳೆಣಿಕೆಯ ಆಟಗಳು. ಅವೇ ಬೇರೆ ಬೇರೆ ಹೆಸರಿನಲ್ಲಿ, ಬೇರೆ ಸ್ಟೇಜಿನಿಂದಲೋ ಹೆಚ್ಚು ಜೀವದೊಂದಿಗೋ ಆರಂಭವಾಗುತ್ತ ಮರಳಿ ಮರಳಿ ಬರುತ್ತವೆ. ಮೆನುವಿನ ಮೊದಲ ಕೆಲವು ಪುಟಗಳ ಹೆಸರುಗಳನ್ನು ತಪ್ಪು ಕಾಗುಣಿತದ ಸಮೇತ ಬರೆದುಕೊಂಡು, ಎದುರಿಗೆ ನಿಜವಾದ ಆಟವನ್ನು ಗುರುತಿಸಿ. ‘ನಟ್ಸ್ ಆ್ಯಂಡ್ ಮಿಲ್ಕ್’, ‘ಕ್ಲೂ ಕ್ಲೂ ಲ್ಯಾಂಡ್’ನಂತಹ 1984ರ ಆಟಗಳು ಇಂತಹ ಪಟ್ಟಿಗಳ ನಡುವೆ ಯಾರ ಗಮನಕ್ಕೂ ಬಾರದೆ ಉಳಿದಿರುತ್ತವೆ.

ಪ್ರಶ್ನೆ: ತಂದೆಯವರ ಹಳೆಯ ಚೌಕದ ಪಟ್ಟಿಯೊಂದರಲ್ಲಿ ಹನ್ನೆರಡು ಪುಟಗಳ ಚಿತ್ರಗಳು ಸಿಕ್ಕಿವೆ. ‘ಟ್ಯಾಂಕ್ ಗೇಮಿನವು’ ಎನ್ನುತ್ತಾರೆ. ಕೆಲವು ಚೌಕಗಳು ಪೂರ್ತಿ ಕಪ್ಪು, ಕೆಲವು ಅರ್ಧ ಕಪ್ಪು. ಇವುಗಳಿಗೆ ಏನಾದರೂ ಬೆಲೆಯಿದೆಯೇ? – ಓದುಗರು, ಕುಮಟಾ

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಮೊದಲು ಒಂದು ಪುಟವನ್ನು ಎಣಿಸಿ ನೋಡಿ. ಅಡ್ಡಕ್ಕೆ 13, ಉದ್ದಕ್ಕೆ 13 ಚೌಕಗಳಿದ್ದು, ಕೊನೆಯ ಸಾಲಿನ ಏಳನೆಯ ಚೌಕದಲ್ಲಿ ಹಕ್ಕಿಯಂತಹ ಗುರುತಿದ್ದರೆ ಅದು ನಾಮ್ಕೊ ಕಂಪನಿಯ 1985ರ ‘ಬ್ಯಾಟಲ್ ಸಿಟಿ’. ಆ ಹಕ್ಕಿ ನಾವು ಕಾಯಬೇಕಾದ ಹದ್ದು. ಪೂರ್ತಿ ಕಪ್ಪು ಚೌಕ ಇಡೀ ಇಟ್ಟಿಗೆ, ಅರ್ಧ ಕಪ್ಪು ಅರ್ಧ ಇಟ್ಟಿಗೆ. ಗೀಟು ಹಾಕಿದ ಚೌಕಗಳೂ ಇದ್ದರೆ ಅವು ಕಬ್ಬಿಣವೋ ನೀರೋ ಪೊದೆಯೋ ಎಂಬುದನ್ನು ತಂದೆಯವರೇ ಹೇಳಬೇಕು, ಏಕೆಂದರೆ ಒಬ್ಬೊಬ್ಬರದು ಒಂದೊಂದು ಗುರುತಾಗಿತ್ತು.

ಆಟದಲ್ಲಿ ಕಂಪನಿ ಕೊಟ್ಟ 35 ಸ್ಟೇಜ್‌ಗಳಿವೆ. ಅವುಗಳ ನಕ್ಷೆಯನ್ನು ಅಭಿಮಾನಿಗಳು ಎಂದೋ ಮಾಡಿಟ್ಟಿದ್ದಾರೆ. ತಂದೆಯವರ ಪುಟಗಳನ್ನು ಅವುಗಳೊಂದಿಗೆ ಹೋಲಿಸಿ. ಹೊಂದಿದವು ನೋಡಿ ಬರೆದವು. ಹೊಂದದವುಗಳಿಗೆ ಎರಡು ಕಾರಣಗಳಿರಬಹುದು. ‘ಟ್ಯಾಂಕ್ 1990’ ಎಂಬ ಹೆಸರಿನಲ್ಲಿ ಇದೇ ಆಟವನ್ನು ತಿದ್ದಿ ಸ್ಟೇಜ್‌ಗಳನ್ನು ಬದಲಿಸಿದ ನಕಲು ನಮ್ಮಲ್ಲಿ ಬಹಳ ಹರಡಿತ್ತು, ಅದರವು ಆಗಿರಬಹುದು. ಅದೂ ಅಲ್ಲವೆಂದಾದರೆ ಅವು ತಂದೆಯವರೇ ಕಟ್ಟಿದವು. ಈ ಆಟದ ಮೊದಲ ತೆರೆಯಲ್ಲಿ ‘ಕನ್‌ಸ್ಟ್ರಕ್ಷನ್’ ಎಂಬ ಆಯ್ಕೆಯಿತ್ತು. ಮಿನುಗುವ ಟ್ಯಾಂಕನ್ನು ಚೌಕದಿಂದ ಚೌಕಕ್ಕೆ ಸರಿಸುತ್ತ, ಬಟನ್ ಒತ್ತಿದಂತೆಲ್ಲ ಇಡೀ ಇಟ್ಟಿಗೆ, ಅರ್ಧ ಇಟ್ಟಿಗೆ, ಕಬ್ಬಿಣ, ನೀರು, ಪೊದೆ, ಮಂಜುಗಡ್ಡೆ ಎಂದು ಬದಲಿಸುತ್ತ ನಮ್ಮದೇ ಸ್ಟೇಜ್ ಕಟ್ಟಬಹುದಿತ್ತು. ಆದರೆ ಅದನ್ನು ಉಳಿಸಿಕೊಳ್ಳುವ ಬ್ಯಾಟರಿ ಕ್ಯಾಸೆಟ್‌ನಲ್ಲಿರಲಿಲ್ಲ. ಕರೆಂಟು ಹೋದರೆ ಕಟ್ಟಿದ್ದೆಲ್ಲ ಹೋಯಿತು.

ನಮ್ಮ ಕಡೆಯ ಆಷಾಢದಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತಿತ್ತು ಎಂಬುದನ್ನು ನಿಮಗೆ ಹೇಳಬೇಕಿಲ್ಲ. ಹೊನ್ನಾವರದ ನಮ್ಮ ಮನೆಯಲ್ಲಿ ಅಣ್ಣ ಹದ್ದಿನ ಸುತ್ತ ಮೂರು ಸುತ್ತಿನ ಕೋಟೆ ಕಟ್ಟಿ, ಎಡಬದಿಗೆ ಹೊಳೆ ಹರಿಸಿ, ಇನ್ನೇನು ಸ್ಟಾರ್ಟ್ ಒತ್ತಬೇಕು ಎನ್ನುವಾಗ ದೀಪ ಆರಿತು. ಅವನು ಮಾತಾಡಲಿಲ್ಲ. ಚಿಮಣಿ ಹಚ್ಚಿ, ಗಣಿತದ ಪಟ್ಟಿಯ ಹಿಂಬದಿಯ ಪುಟ ತೆಗೆದು, ನೆನಪಿನಿಂದಲೇ ಒಂದೊಂದೇ ಚೌಕ ತುಂಬತೊಡಗಿದ. ನೀರಿಗೆ ಅಡ್ಡಗೀಟು, ಪೊದೆಗೆ ಚುಕ್ಕೆ. ಅಂದಿನಿಂದ ಮೊದಲು ಪಟ್ಟಿಯಲ್ಲಿ ಬರೆಯುವುದು, ಆಮೇಲೆ ಟಿವಿಯಲ್ಲಿ ಕಟ್ಟುವುದು ಎಂದಾಯಿತು. ಆ ಪಟ್ಟಿ ನಮ್ಮಲ್ಲಿ ಉಳಿಯಲಿಲ್ಲ, ಗೆದ್ದಲು ಹಿಡಿಯಿತು. ನಿಮ್ಮಲ್ಲಿ ಉಳಿದಿದೆ. ಕಂಪನಿಯ 35 ಸ್ಟೇಜ್‌ಗಳು ಜಗತ್ತಿನಲ್ಲಿ ಲಕ್ಷಾಂತರ ಕಡೆ ಇವೆ, ತಂದೆಯವರು ಕಟ್ಟಿದ ಸ್ಟೇಜ್‌ಗಳು ಇರುವುದು ಆ ಪುಟಗಳಲ್ಲಿ ಮಾತ್ರ. ಅವುಗಳ ಬೆಲೆ ಅದೇ.

ಪುಟಗಳನ್ನು ಬಿಡಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಹಗಲು ಬೆಳಕಿನಲ್ಲಿ ನೇರ ಮೇಲಿನಿಂದ ಫೋಟೋ ತೆಗೆದು, ಪಟ್ಟಿಯನ್ನು ತೇವ ತಾಗದ ಡಬ್ಬದಲ್ಲಿಡಿ. ಯಾವ ವರ್ಷ, ಯಾರ ಮನೆಯ ಟಿವಿ, ಜೊತೆಗೆ ಆಡಿದವರು ಯಾರು, ಯಾವ ಗೀಟಿಗೆ ಏನರ್ಥ ಎಂಬುದನ್ನು ತಂದೆಯವರಿಂದಲೇ ಕೇಳಿ ಬರೆದುಕೊಳ್ಳಿ. ಆಮೇಲೆ ಒಂದು ಸಂಜೆ ಮೊದಲ ಪುಟವನ್ನು ಮುಂದಿಟ್ಟುಕೊಂಡು ಅವರು ಹೇಳಿದಂತೆ ಚೌಕದಿಂದ ಚೌಕಕ್ಕೆ ಟಿವಿಯಲ್ಲಿ ಕಟ್ಟಿ, ಇಬ್ಬರ ಆಟವನ್ನು ಆರಿಸಿ, ಒಂದನೆಯ ಜಾಯ್‌ಸ್ಟಿಕ್ಕನ್ನು ಅವರ ಕೈಗೆ ಕೊಡಿ.