ಡೀಸೆಲ್ ಆಮೇಲೆ ನೋಡೋಣ, ಮೊದಲು ಗಾಡಿಯ ಪಾಲು ತೆಗೆದಿಡಿ

ಸಾಲ ಮಾಡಿ 10 ಚಕ್ರದ ಲಾರಿ ತಗೊಂಡು ನವಿ ಮುಂಬೈಯ ಕಳಂಬೋಲಿ ಸ್ಟೀಲ್ ಮಾರ್ಕೆಟ್‌ನಿಂದ ನೀವೇ ಓಡಿಸ್ತಿದ್ದೀರಿ. ಬಾಡಿಗೆ ಬರ್ತದೆ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯೋದಿಲ್ಲ, ಡೀಸೆಲ್ ಉಳಿಸೋದು ಹೇಗೆ ಅಂತ ಕೇಳಿದ್ದೀರಿ. ನಾನೂ ಅದೇ ಸ್ಟೀಲ್ ಮಾರ್ಕೆಟ್‌ನಿಂದ ಬೆಳಗಾವಿ, ಹುಬ್ಬಳ್ಳಿ ಕಡೆ ಮಾಲು ಹೊರೋನು. ನೀವು ಬರೆದ ಲೆಕ್ಕ ನೋಡಿದೆ. ಅದರಲ್ಲಿ ಡೀಸೆಲ್ ಇದೆ, ಟೋಲ್ ಇದೆ, ಕಂತು ಇದೆ, ಊಟ ಇದೆ. ಟೈರ್ ಎಲ್ಲಿ?

ಡೀಸೆಲ್ ದುಡ್ಡು ಪ್ರತಿ ಟ್ರಿಪ್ಪಿಗೂ ಕಣ್ಣೆದುರೇ ಹೋಗ್ತದೆ, ಹಾಗಾಗಿ ಅದರದ್ದೇ ಚಿಂತೆ. ಟೈರ್, ಕ್ಲಚ್ ಪ್ಲೇಟ್, ಇನ್ಶೂರೆನ್ಸ್, ಪಾಸಿಂಗ್ (ಆರ್‌ಟಿಒ ಫಿಟ್‌ನೆಸ್ ತಪಾಸಣೆ) ಇವೆಲ್ಲ ಸದ್ದಿಲ್ಲದೆ ಬೆಳೆದು ಒಂದೇ ದಿನ ಬಾಗಿಲಿಗೆ ಬಂದು ನಿಲ್ತವೆ. ಒಂದು ಲೆಕ್ಕ ಹಾಕಿ ನೋಡ್ರಿ. ಒಂದು ರೇಡಿಯಲ್ ಟೈರಿಗೆ 22 ಸಾವಿರ ಅಂದ್ರೆ ಹತ್ತಕ್ಕೆ 2 ಲಕ್ಷ 20 ಸಾವಿರ. ಅವು 80 ಸಾವಿರ ಕಿಲೋಮೀಟರ್ ಬಾಳಿದರೆ ಕಿಲೋಮೀಟರಿಗೆ 2 ರೂಪಾಯಿ 75 ಪೈಸೆ ಬರೀ ಟೈರಿಗೇ ಹೋಯ್ತು. ಇನ್ಶೂರೆನ್ಸ್, ಆಯಿಲ್, ಫಿಲ್ಟರ್, ಬ್ರೇಕ್ ಲೈನರ್, ಬ್ಲೇಡ್ ಸೆಟ್ (ಭಾರ ಹೊರೋ ಸ್ಪ್ರಿಂಗ್ ಪಟ್ಟಿಗಳು) ಎಲ್ಲವನ್ನೂ ನಿಮ್ಮ ಬಿಲ್ಲುಗಳನ್ನ ಮುಂದಿಟ್ಟುಕೊಂಡು ಇದೇ ಥರ ಕಿಲೋಮೀಟರಿಗೆ ಇಳಿಸಿ. ಬಂದ ಮೊತ್ತವನ್ನ ಬಾಡಿಗೆಯ ಬ್ಯಾಲೆನ್ಸ್ ಕೈ ಸೇರಿದ ದಿನವೇ ಬೇರೆ ಖಾತೆಗೆ ಹಾಕಿಬಿಡಿ. ಎಟಿಎಂ ಕಾರ್ಡ್ ಮನೆಯವರ ಹತ್ತಿರ ಇರಲಿ. ನಾವೇ ಇಟ್ಟುಕೊಂಡರೆ ಉಳಿಯೋದು ಕಷ್ಟ, ಇದು ಎಲ್ಲರ ಹಣೆಬರಹ.

ಈ ಪಾಲು ತೆಗೆದ ಮೇಲೂ ಏನಾದ್ರೂ ಉಳಿದರೆ ಮಾತ್ರ ಆ ಬಾಡಿಗೆ ಗಿಟ್ಟಿತು ಅಂತ ಅರ್ಥ. ರಿಟರ್ನ್ ಲೋಡಿಗೆ ಬ್ರೋಕರ್ "ಡೀಸೆಲ್ ಖರ್ಚಾದ್ರೂ ಹುಟ್ಟುತ್ತಲ್ಲ" ಅಂತಾನಲ್ಲ, ಅವನು ನಿಮ್ಮ ಟೈರ್ ಲೆಕ್ಕ ಹಾಕಿರೋದಿಲ್ಲ. ಖಾಲಿ ಬರೋದಕ್ಕಿಂತ ವಾಸಿ ಅಂತ ಕೆಲವೊಮ್ಮೆ ತಗೊಳ್ಳಲೇಬೇಕಾಗ್ತದೆ, ಒಪ್ತೀನಿ. ಆದರೆ ಅದರಲ್ಲಿ ಎಷ್ಟು ಕಳ್ಕೊಳ್ತಿದ್ದೀನಿ ಅಂತ ಗೊತ್ತಿದ್ದು ತಗೊಳ್ಳಿ.

ಇನ್ನು ಟೈರು ಹಾಳಾಗೋದು ಹೆಚ್ಚಾಗಿ ಹವಾದಿಂದ. ಹಿಂದಿನ ಜೋಡಿಯಲ್ಲಿ ಒಳಗಿನ ಟೈರಿನ ಹವಾ ಇಳಿದದ್ದು ಹೊರಗಿನಿಂದ ಕಾಣೋದಿಲ್ಲ. ಅಷ್ಟೂ ಭಾರ ಹೊರಗಿನದರ ಮೇಲೆ ಬಿದ್ದು ಅದು ಕಾದು ಸವೀತದೆ, ಒಳಗಿನದು ಮಡಚಿ ಮಡಚಿ ಪಕ್ಕದ ಗೋಡೆ ಒಡೀತದೆ. ನಾನು ಖಂಬಾಟಕಿ ಘಾಟ್ ದಾಟಿ ಚಹಾಕ್ಕೆ ನಿಲ್ಲಿಸಿದಾಗ ಪಾನಾದಿಂದ (ಸ್ಪ್ಯಾನರ್) ಎಲ್ಲ ಟೈರಿಗೂ ಒಂದೊಂದು ಏಟು ಹಾಕ್ತೀನಿ. ಹವಾ ಸರಿ ಇದ್ದರೆ ಪಾನಾ ಪುಟಿದು ಗಟ್ಟಿ ಸದ್ದು ಬರ್ತದೆ, ಕಡಿಮೆ ಇದ್ದರೆ ಮೆತ್ತಗೆ ಕೇಳ್ತದೆ. ಜೋಡಿ ನಡುವೆ ಕಲ್ಲು ಸಿಕ್ಕಿದ್ರೆ ಅಲ್ಲೇ ತೆಗೀತೀನಿ. ಆಮೇಲೆ ಹಬ್‌ಗಳ, ಅಂದ್ರೆ ಚಕ್ರದ ನಡುಭಾಗದ, ಹತ್ತಿರ ಅಂಗೈ ಹಿಡೀತೀನಿ. ಒಂದೇ ಒಂದು ಮಾತ್ರ ಸುಡ್ತಿದ್ರೆ ಬೇರಿಂಗಿಗೆ ಗ್ರೀಸ್ ಸಾಲದು, ಇಲ್ಲವೇ ಬ್ರೇಕ್ ಹಿಡ್ಕೊಂಡಿದೆ. ಹಿಡ್ಕೊಂಡ ಬ್ರೇಕ್ ಡೀಸೆಲ್ಲನ್ನೂ ತಿಂತದೆ. ರೀಟ್ರೆಡ್ (ಸವೆದ ಟೈರಿಗೆ ಹೊಸ ರಬ್ಬರ್ ಕೂರಿಸಿದ್ದು) ಹಾಕಿಸೋದಾದರೆ ಹಿಂದಕ್ಕೆ ಮಾತ್ರ, ಮುಂದಿನ ಎರಡಕ್ಕೆ ಬೇಡ.

ಈಗ ಡೀಸೆಲ್. ಟ್ಯಾಂಕ್ ಬಾಯಿತನಕ ತುಂಬಿಸಿ ಮೀಟರ್ ಬರೆದಿಡಿ, ಮುಂದಿನ ಸಲ ಮತ್ತೆ ಬಾಯಿತನಕ ತುಂಬಿಸಿದಾಗ ಓಡಿದ ಕಿಲೋಮೀಟರನ್ನ ಹಾಕಿದ ಲೀಟರಿನಿಂದ ಭಾಗಿಸಿ. ಡ್ಯಾಶ್‌ಬೋರ್ಡ್ ಅಂಕಿ ನಂಬಬೇಡಿ. ಕಳಂಬೋಲಿ ಹುಬ್ಬಳ್ಳಿ ಸುಮಾರು 530 ಕಿಲೋಮೀಟರ್ ಹಿಡಿದರೆ, ಲೀಟರಿಗೆ 4 ಕೊಡೋ ಗಾಡಿ 4.4 ಕೊಟ್ಟರೂ ಒಂದು ಕಡೆಗೇ 12 ಲೀಟರ್ ಉಳೀತು. ಅದು ಬರೋದು ಆರ್‌ಪಿಎಂ ಮೀಟರಿನ ಹಸಿರು ಪಟ್ಟಿಯೊಳಗೆ ಎಂಜಿನ್ ಇಟ್ಟು ಓಡಿಸೋದರಿಂದ, ಏರ್ ಫಿಲ್ಟರ್ ಚೊಕ್ಕ ಇಡೋದರಿಂದ, ನಿಂತಾಗ ಎಂಜಿನ್ ಆಫ್ ಮಾಡೋದರಿಂದ.

ಇಳಿಜಾರಲ್ಲಿ ನ್ಯೂಟ್ರಲ್ ಹಾಕಿದ್ರೆ ಡೀಸೆಲ್ ಉಳೀತದೆ ಅನ್ನೋರ ಮಾತು ಮಾತ್ರ ಕೇಳಬೇಡಿ. ಈಗಿನ ಕಾಮನ್‌ರೇಲ್ (ಕಂಪ್ಯೂಟರ್ ಡೀಸೆಲ್ ಅಳೆದು ಬಿಡೋ) ಎಂಜಿನ್‌ಗಳಲ್ಲಿ ಗೇರ್‌ನಲ್ಲಿ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಡೀಸೆಲ್ ಹೋಗೋದೇ ನಿಲ್ತದೆ. ನ್ಯೂಟ್ರಲ್‌ನಲ್ಲೇ ಎಂಜಿನ್ ಚಾಲೂ ಇಡಲು ಡೀಸೆಲ್ ಬೇಕು. ಮೇಲಾಗಿ ಗಾಡಿ ಹಿಡಿಯೋ ಕೆಲಸವೆಲ್ಲ ಬ್ರೇಕಿನ ಮೇಲೆ ಬಿದ್ದು ಲೈನರ್ ಕಾದು ಹಿಡಿತ ಬಿಡ್ತದೆ. ಮುಂಬೈ ಕಡೆ ವಾಪಸ್ ಬರುವಾಗ ಪುಣೆಯಲ್ಲಿ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಗೆ ಇಳಿಯೋ ಜಾಗದಲ್ಲಿ ಎಷ್ಟು ಅಪಘಾತ ಆಗಿವೆ ಅಂತ ಯಾರನ್ನಾದ್ರೂ ಕೇಳಿ.

ಕಾಗಲ್ ದಾಟಿ ಕರ್ನಾಟಕದ ನಿಪ್ಪಾಣಿ ಕಡೆ ಡೀಸೆಲ್ ತುಂಬಿಸಿದ್ರೆ ಅಗ್ಗ ಅನ್ನೋದು ಹಳೇ ಮಾತು. ಕರ್ನಾಟಕದಲ್ಲಿ 2024ರ ಜೂನ್‌ನಲ್ಲೂ 2025ರ ಏಪ್ರಿಲ್‌ನಲ್ಲೂ ತೆರಿಗೆ ಏರಿತು, ಇತ್ತ ಮುಂಬೈ ಭಾಗದ ತೆರಿಗೆ 2024ರಲ್ಲಿ ಇಳಿಯಿತು. ಹೊರಡುವ ಮುಂಚೆ ಎರಡೂ ಕಡೆಯ ದರ ಫೋನಲ್ಲಿ ನೋಡಿ ಆಮೇಲೆ ನಿರ್ಧಾರ ಮಾಡಿ. ಬಿಎಸ್ 6 ಗಾಡಿಯಾದರೆ ಹೊಗೆ ಶುದ್ಧ ಮಾಡೋ ಯೂರಿಯಾ ದ್ರಾವಣವನ್ನ ರಸ್ತೆ ಬದಿಯ ಬಿಡಿ ಕ್ಯಾನ್‌ನಿಂದ ಹಾಕಿಸಬೇಡಿ. ಅಲ್ಲಿ ಉಳಿಸಿದ್ದರ ಎಷ್ಟೋ ಪಟ್ಟು ಸೈಲೆನ್ಸರ್‌ನೊಳಗಿನ ಕ್ಯಾಟಲಿಸ್ಟ್‌ಗೆ ಕಟ್ಟಬೇಕಾಗ್ತದೆ.

ಮಾಲಿನ ಪಾರ್ಟಿ "ಎರಡು ಟನ್ ಜಾಸ್ತಿ ಹಾಕ್ಕೋ" ಅಂದಾಗ ನೆನಪಿರಲಿ: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಓವರ್‌ಲೋಡಿಗೆ ದಂಡ 20 ಸಾವಿರ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2 ಸಾವಿರ. ಬ್ಲೇಡ್ ಮುರಿದರೆ ಅದು ಬೇರೆ.

ಇನ್ನೊಂದು, ಟ್ರಾನ್ಸ್‌ಪೋರ್ಟ್ ಆಫೀಸಿನವರು ಬಾಡಿಗೆಯಲ್ಲಿ ಟಿಡಿಎಸ್ (ಮೊದಲೇ ಹಿಡಿಯೋ ಆದಾಯ ತೆರಿಗೆ) ಮುರೀತಿದ್ದಾರಾ ನೋಡಿ. 10 ಅಥವಾ ಅದಕ್ಕಿಂತ ಕಡಿಮೆ ಗಾಡಿ ಇರೋರು ಪ್ಯಾನ್ ನಂಬರ್ ಜೊತೆ ಹಾಗಂತ ಬರೆದು ಸಹಿ ಹಾಕಿದ ಪತ್ರ ಕೊಟ್ಟರೆ ಅವರು ಮುರಿಯುವ ಹಾಗಿಲ್ಲ. ಒಂದು ಹಾಳೆಯ ಕೆಲಸ, ಮುಂದಿನ ಬಿಲ್ಟಿ (ಮಾಲಿನ ರಸೀದಿ) ಕೊಡೋಕೆ ಹೋದಾಗಲೇ ಕೊಟ್ಟುಬಿಡಿ.