ಎದುರು ಪಾರ್ಟಿಯವರ ಜೊತೆ ಕೂತು ಮಾತಾಡಿದ್ರೆ ಏನಾದ್ರೂ ಉಪಯೋಗ ಇದ್ಯಾ?

ನೀವು ಕೇಳಿರೋದು ಇಷ್ಟು: ಎಲೆಕ್ಷನ್ ಆದ್ಮೇಲೆ ನಿಮ್ಮಪ್ಪ, ದೊಡ್ಡಪ್ಪ ಮಾತು ಬಿಟ್ಟಿದಾರೆ, ಊರಲ್ಲೂ ಎರಡು ಗುಂಪಾಗಿದೆ, ಯಾವುದೋ ಸಂಸ್ಥೆಯವರು ಬಂದು ಎಲ್ರನ್ನೂ ಒಂದು ಕಡೆ ಕೂರಿಸಿ ಮಾತಾಡಿಸ್ತೀವಿ ಅಂತಿದಾರೆ, ಇದ್ರಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ ಇಲ್ಲಾ ಟೀ ಬಿಸ್ಕೆಟ್ ತಿಂದು ಫೋಟೋ ತೆಗೆಸ್ಕೊಂಡು ಹೋಗೋ ಪ್ರೋಗ್ರಾಮಾ ಅಂತ.

ಪಾರ್ಟಿ ಜಗಳದ ಬಗ್ಗೆ ನಂಗೆ ಅಷ್ಟು ಗೊತ್ತಿಲ್ಲ. ಆದ್ರೆ ನಾನು ಮಳವಳ್ಳಿ ಕಡೆಯವನು, ನಮ್ಮಪ್ಪಂದು ವಿ.ಸಿ. ನಾಲೆ (ಕೆಆರ್‌ಎಸ್‌ನಿಂದ ಬರೋ ವಿಶ್ವೇಶ್ವರಯ್ಯ ನಾಲೆ) ಕೊನೇಲಿ ಮೂರೆಕರೆ ಜಮೀನಿದೆ, ಕಾವೇರಿ ಗಲಾಟೆ ನೋಡ್ಕೊಂಡೇ ಬೆಳೆದಿರೋದು. ಬಂದ್ ಅಂದ್ರೆ ಸ್ಕೂಲ್ ರಜೆ ಅಂತ ಖುಷಿ ಪಡ್ತಿದ್ದ ವಯಸ್ಸಿಂದ್ಲೂ. ಹಂಗಾಗಿ ಆ ಕಥೆನೇ ಹೇಳ್ತೀನಿ, ನಿಮ್ಮೂರಿಗೆ ಎಷ್ಟು ಹೊಂದುತ್ತೋ ಅಷ್ಟು ತಗೊಳ್ಳಿ.

2016ರಲ್ಲಿ ನಾನು ಬೆಂಗಳೂರಲ್ಲಿ ವಿಜಯನಗರದ ಹತ್ರ ರೂಮ್ ಮಾಡ್ಕೊಂಡಿದ್ದೆ, ರೂಮ್‌ಮೇಟ್ ತಮಿಳುನಾಡಲ್ಲಿ ಕಾವೇರಿ ನೀರು ಕೊನೆಗೆ ತಲುಪೋ ಮನ್ನಾರ್‌ಗುಡಿ ಕಡೆಯ ಹುಡುಗ, ಅವನೂ ರೈತರ ಮಗನೇ. ನಾಲ್ಕು ವರ್ಷ ಒಂದೇ ಕುಕ್ಕರ್‌ನಲ್ಲಿ ಅನ್ನ ತಿಂದಿದೀವಿ. ಸೆಪ್ಟೆಂಬರ್ 12ನೇ ತಾರೀಕು, ಸುಪ್ರೀಂ ಕೋರ್ಟ್ ತಮಿಳುನಾಡಿಗೆ 15,000 ಕ್ಯೂಸೆಕ್ ನೀರಿನ ಬದ್ಲು 12,000 ಬಿಡಿ ಆದ್ರೆ ದಿನ ಜಾಸ್ತಿ ಬಿಡಿ ಅಂತ ಹೇಳಿದ ದಿನ. ಮಧ್ಯಾಹ್ನವೇ ಆಫೀಸಿಂದ ಮನೆಗೆ ಕಳಿಸಿಬಿಟ್ರು, ಸಂಜೆ ಟೆರೇಸ್ ಹತ್ತಿದ್ರೆ ನಾಯಂಡಹಳ್ಳಿ ಕಡೆಯಿಂದ ಕಪ್ಪು ಹೊಗೆ, ಡಿಪೋದಲ್ಲಿ ನಿಂತಿದ್ದ ಹತ್ತಾರು ಬಸ್ಸಿಗೆ ಬೆಂಕಿ ಇಟ್ಟಿದ್ರು. ಕೆಳಗೆ ಬಂದು ನೋಡ್ತೀನಿ, ಇವನು ಗೋಡೆ ಮೇಲಿದ್ದ ಮುರುಗನ್ ಫೋಟೋದ ತಮಿಳು ಕ್ಯಾಲೆಂಡರ್ ತೆಗೆದು ಸುರುಳಿ ಸುತ್ತಿ ಬೀರು ಮೇಲೆ ಇಡ್ತಿದಾನೆ. ನಾನು ನೋಡಿದ್ದು ಅವನಿಗೂ ಗೊತ್ತಾಯ್ತು. ಇಬ್ರೂ ಏನೂ ಅನ್ನಲಿಲ್ಲ.

ಆಮೇಲೆ ಮೂರು ವಾರ ನಮ್ಮಿಬ್ರ ಮಧ್ಯೆ ಇದ್ದ ಮಾತು ಅಂದ್ರೆ ಗ್ಯಾಸ್ ಬುಕ್ ಮಾಡಿದ್ಯಾ, ಬಾಡಿಗೆ ಹಾಕಿದ್ಯಾ, ಅಷ್ಟೇ. ಎರಡೂ ಕಡೆ ಹುಡುಗರಿಗೆ ಹೊಡೆಯೋ ವಿಡಿಯೋ ಬರ್ತಿತ್ತು, ಅವನ ಮೊಬೈಲಲ್ಲಿ ಒಂದು, ನನ್ನ ಮೊಬೈಲಲ್ಲಿ ಇನ್ನೊಂದು. ಜಗಳ ಆಡಲಿಲ್ಲ ನಾವು, ಭಾರಿ ಮರ್ಯಾದೆಯಾಗೇ ಇದ್ವಿ. ಆದ್ರೆ ಆ ಥರ ಮರ್ಯಾದೆ ಜಗಳಕ್ಕಿಂತ ಕೆಟ್ಟದ್ದು, ನಿಮ್ಮಪ್ಪ ದೊಡ್ಡಪ್ಪ ಈಗ ಮಾಡ್ತಿರೋದೂ ಅದೇ ಅನ್ಸುತ್ತೆ.

ಮುಂದಿನ ವರ್ಷ ತೈ ತಿಂಗಳಲ್ಲಿ, ಅಂದ್ರೆ 2017ರ ಜನವರಿ ಕೊನೇಲಿ, ಅವನ ಅಕ್ಕನ ಮದುವೆ. ಕರೆದ. ನಾನು ಊರಿಗೆ ಹೋದಾಗ ಅಪ್ಪಂಗೆ ಹೇಳಿದ್ರೆ ನಾನೂ ಬತ್ತೀನಿ ಅಂದುಬಿಟ್ರು. ಮದುವೆ ಆಸೆಗಲ್ಲ. "ನಮ್ ನೀರು ಎಲ್ಲಿಗೋಯ್ತದೆ ಅಂತ ಒಂದ್ಸಲ ಕಣ್ಣಲ್ಲಿ ನೋಡೇ ಬುಡ್ತೀನಿ ಕಣ್ಲಾ" ಅಂತ. ಒಂಥರಾ ಇನ್ಸ್‌ಪೆಕ್ಷನ್‌ಗೆ ಹೊರಟಂಗೆ. ಮಂಡ್ಯದಲ್ಲಿ ಮೈಲಾಡುತುರೈ ರೈಲು ಹತ್ತಿದ್ವಿ, ಬೆಳಗ್ಗೆ ತಂಜಾವೂರು ದಾಟುವಾಗ ಅಪ್ಪ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಅವರ ತಲೇಲಿ ಇದ್ದಿದ್ದು ಕಣ್ಣು ಹಾಯೋವರೆಗೂ ಹಸಿರು ಗದ್ದೆ. ಹೊರಗಡೆ ಇದ್ದಿದ್ದು ಕಾಳು ಕಟ್ಟದೆ ನಿಂತಲ್ಲೇ ಒಣಗಿದ ಪೈರು, ಬಿರುಕು ಬಿಟ್ಟ ಗದ್ದೆ, ಅದರೊಳಗೆ ದನ ಮೇಯ್ತಿತ್ತು. ಆ ವರ್ಷ ಅವರ ಹಿಂಗಾರು ಪೂರ್ತಿ ಕೈಕೊಟ್ಟಿತ್ತು, ಜನವರಿಲಿ ಇಡೀ ತಮಿಳುನಾಡನ್ನೇ ಬರಪೀಡಿತ ಅಂತ ಘೋಷಣೆ ಮಾಡಿದ್ರು. ನಮ್ಮ ಕಡೆ ಏನು ಕಮ್ಮಿನಾ, ಕಾವೇರಿ ನೀರು ಕುಡಿಯೋಕೆ ಮಾತ್ರ ಅಂತ ವಿಧಾನಮಂಡಲದಲ್ಲೇ ನಿರ್ಣಯ ಆಗಿತ್ತು, ನಮ್ಮ ಮೂರೆಕರೆ ಬೀಳು ಬಿದ್ದಿತ್ತು. ಅಪ್ಪ ಸುಮಾರು ಹೊತ್ತು ನೋಡಿ "ಇವ್ರುದೂ ಒಣಗೋಗದಲ್ಲೋ" ಅಂದ್ರು. ಅಷ್ಟೇ. ಆದ್ರೆ ಆ ದನಿಲಿ ಸ್ವಲ್ಪ ನಿರಾಸೆನೂ ಇತ್ತು, ಸುಳ್ಳು ಯಾಕೆ ಹೇಳಲಿ, ಬೈಯ್ಯೋಕೆ ಅಂತ ಬಂದವರಿಗೆ ಬೈಯ್ಯೋಕೆ ಏನೂ ಸಿಗಲಿಲ್ಲ.

ಮದುವೆ ಊಟ ಆದ್ಮೇಲೆ ಅವನ ಅಪ್ಪ, ನಮ್ಮಪ್ಪ, ನಾವಿಬ್ರು ನಾಲೆ ಏರಿ ಮೇಲೆ ಕೂತ್ವಿ. ಅಪ್ಪಂಗೆ ತಮಿಳು ಬರಲ್ಲ, ಅವರಿಗೆ ಕನ್ನಡ ಬರಲ್ಲ. ನಮ್ಮಪ್ಪ ಹೇಳಿದ್ದು ನಾನು ರೂಮ್‌ಮೇಟ್‌ಗೆ, ಅವನು ಅವರಪ್ಪಂಗೆ. ಇದರಲ್ಲಿ ಒಂದು ಮಜಾ ಇದೆ, ಅಪ್ಪ ಮೊದಲನೇ ಮಾತಿಗೇ "ಕೇಳ್ಲಾ ಅವ್ರ್ನ, ನಮ್ ಹೊಟ್ಟೆ ಮೇಲೆ ಹೊಡ್ದು ಮೂರು ಬೆಳೆ ಬೆಳೀತಾರಂತಲ್ಲ" ಅಂದ್ರು. ನಾನು ಅದನ್ನ "ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಬೆಳೆ ತೆಗೀತೀರ ಅಂತ ಕೇಳ್ತಿದಾರೆ" ಅಂತ ದಾಟಿಸಿದೆ. ಅವರು ಉತ್ತರ ಹೇಳಿದ್ರು, ಇವನು ನಂಗೆ ಹೇಳಿದ. ಎಷ್ಟೋ ದಿನ ಆದ್ಮೇಲೆ ಇವನು ಒಪ್ಕೊಂಡ, ಅವರಪ್ಪನ ಉತ್ತರವೂ ಅಷ್ಟೊಂದು ಸೌಮ್ಯವಾಗಿ ಇರಲಿಲ್ವಂತೆ. ಅಂದ್ರೆ ಅವತ್ತು ಹಿರಿಯರಿಬ್ರೂ ಬೈದಾಡಿದ್ದು ನಿಜ, ಹುಡುಗ್ರಿಬ್ರೂ ನುಂಗಿಕೊಂಡಿದ್ದೂ ನಿಜ.

ಆದ್ರೆ ಒಬ್ರು ಮಾತಾಡಿ ಇನ್ನೊಬ್ರಿಗೆ ಅದು ತಲುಪೋ ಅಷ್ಟರಲ್ಲಿ ಕಾಯಲೇಬೇಕಲ್ಲ, ಆ ಕಾಯೋ ಹೊತ್ತಲ್ಲಿ ಅರ್ಧ ಕೋಪ ಇಳಿಯುತ್ತೆ. ಟಿವಿ ಚರ್ಚೆಲಿ ಇಲ್ಲದೇ ಇರೋದು ಅದೇ.

ನಿಧಾನಕ್ಕೆ ವಿಷಯ ಬೆಳೆ ಕಡೆ ತಿರುಗ್ತು. ಅವರು ಎಕರೆ ಅನ್ನಲ್ಲ, ಮಾ ಅಂತಾರೆ, ವೇಲಿ ಅಂತಾರೆ, ಇಪ್ಪತ್ತು ಮಾ ಸೇರಿದ್ರೆ ಒಂದು ವೇಲಿ, ಹೆಚ್ಚುಕಮ್ಮಿ ಆರೂಮುಕ್ಕಾಲು ಎಕರೆ. ಮಣ್ಣಲ್ಲಿ ಕಡ್ಡಿಲಿ ಗೆರೆ ಹಾಕಿ ಲೆಕ್ಕ ಆಯ್ತು. ಕುರುವೈ ಅಂತ ಅವರದ್ದೊಂದು ಕಡಿಮೆ ಅವಧಿ ಭತ್ತ, ಅದಕ್ಕೆ ಜೂನ್ 12ಕ್ಕೆ ಅವರ ಮೆಟ್ಟೂರು ಡ್ಯಾಂ (ಕಾವೇರಿ ನೀರು ಅವರ ಕಡೆ ನಿಲ್ಲೋ ಡ್ಯಾಂ) ತೆಗೀಬೇಕು ಅನ್ನೋದು ವಾಡಿಕೆ. ಆಮೇಲೆ ಸಾಂಬಾ ಅನ್ನೋ ಭತ್ತ, ಅದು ಹಿಂಗಾರು ನಂಬಿಕೊಂಡು. ಈಗ ನೋಡಿ, ಜೂನ್ 12ಕ್ಕೆ ನಮ್ಮ ಕೊಡಗಲ್ಲಿ ಮಳೆ ಆಗಷ್ಟೇ ಶುರು ಆಗಿರುತ್ತೆ, ಕೆಆರ್‌ಎಸ್ ಇನ್ನೂ ತಳದಲ್ಲಿರುತ್ತೆ. ಅವರಿಗೆ ಬೇಕಾದಾಗ ನಮ್ಮಲ್ಲಿ ಇರಲ್ಲ, ನಮ್ಮಲ್ಲಿ 124.80 ಅಡಿ ತುಂಬಿ ಹರಿಯೋ ವರ್ಷ ಅವರು ಕೇಳೋ ಅಗತ್ಯನೇ ಇರಲ್ಲ. ಮಳೆ ಕಮ್ಮಿ ಆದ ವರ್ಷ ಜಗಳ ಏಳೋದು ಇಲ್ಲೇ. ನಾನು ಇಷ್ಟು ವರ್ಷ ಮಂಡ್ಯದಲ್ಲಿ ಇದ್ದು ಈ ತಿಂಗಳ ಲೆಕ್ಕ ಯಾರ ಬಾಯಲ್ಲೂ ಕೇಳಿರಲಿಲ್ಲ, ಬರೀ ಟಿಎಂಸಿ (ನೂರು ಕೋಟಿ ಘನ ಅಡಿ ನೀರು) ಲೆಕ್ಕ ಕೇಳಿದ್ದೆ. 2016ರಲ್ಲಂತೂ ಮೆಟ್ಟೂರು ತೆಗೆದಿದ್ದೇ ಸೆಪ್ಟೆಂಬರಲ್ಲಿ.

ನಿಜವಾಗ್ಲೂ ಗಾಳಿ ಬದಲಾಗಿದ್ದು ಇನ್ನೊಂದು ಮಾತಿಂದ. ಅಪ್ಪ ಇದ್ದಕ್ಕಿದ್ದಂಗೆ, ನಾಲೆ ನೀರು ನಮ್ಮ ತೂಬಿಗೆ ಬರೋ ಅಷ್ಟರಲ್ಲಿ ಮೇಲಿನವರು ಮೋಟ್ರು ಇಟ್ಟು ಎತ್ಕೋತಾರೆ, ಕಟ್ಟು ನೀರು ಅಂತ ಪಾಳಿ ಮಾಡಿದ್ರೂ ನಮ್ಮ ಪಾಳಿ ಬಂದಾಗ ನಾಲೇಲಿ ನೀರೇ ಇರಲ್ಲ ಅಂದ್ರು. ಅದನ್ನ ಇವನು ತಮಿಳಲ್ಲಿ ಹೇಳ್ತಿದ್ದಂಗೆ ಅವರಪ್ಪ ತೊಡೆ ತಟ್ಟಿ ನಕ್ಕುಬಿಟ್ರು. ಅವರದ್ದೂ ಕೊನೆ ಭಾಗದ ಜಮೀನೇ. ಅವರಿಗೂ ಮೊದಲ ದ್ವೇಷ ಕರ್ನಾಟಕದ ಮೇಲಲ್ಲ, ಮೇಲಿನ ಊರಿನ ತಮ್ಮದೇ ಜನದ ಮೇಲೆ! ಆಮೇಲೆ ಇಬ್ರೂ ಒಂದು ಗಂಟೆ ತಮ್ಮ ತಮ್ಮ ಮೇಲಿನವರನ್ನ, ಎಂಜಿನಿಯರ್‌ಗಳನ್ನ ಬೈದ್ರು. ಗದ್ದೆಗಳಿಗೆ ನೀರು ಹಂಚೋನಿಗೆ ನಾವು ನೀರುಗಂಟಿ ಅಂತೀವಲ್ಲ, ಅವರು ನೀರ್‌ಕಟ್ಟಿ ಅಂತಾರೆ, ಆ ಪದಕ್ಕೆ ಟ್ರಾನ್ಸ್‌ಲೇಷನ್ನೇ ಬೇಕಾಗ್ಲಿಲ್ಲ. ಅಪ್ಪ ಏಳೋ ಹೊತ್ತಿಗೆ "ಯಜಮಾನ್ರೇ" ಅಂತ ಕರೀತಿದ್ರು.

ಹಂಗಾಗಿ ನನ್ನ ಅಭಿಪ್ರಾಯ ಏನು ಅಂದ್ರೆ, ಎದುರು ಕಡೆಯವನ ಹತ್ರ ನಿನ್ನ ನಿಲುವು ಏನು ಅಂತ ಕೇಳಿ ಉಪಯೋಗ ಇಲ್ಲ, ಅದು ಬಾಯಿಪಾಠ ಆಗಿರುತ್ತೆ. ನಿನಗೆ ನಿನ್ನ ಕಡೆಯವರ ಮೇಲೇ ಏನು ಸಿಟ್ಟಿದೆ ಅಂತ ಕೇಳ್ಬೇಕು. ಆದ್ರೆ ಅದಕ್ಕೆ ಮುಂಚೆ ನೀನು ನಿನ್ನ ಕಡೆಯವರ ತಪ್ಪು ಒಂದು ಬಿಟ್ಟುಕೊಡಬೇಕು. ಅಪ್ಪ ಮೇಲಿನ ನಾಲೆಯವರ ಮಾತು ಎತ್ತದೇ ಹೋಗಿದ್ರೆ ಅವರೂ ಬಾಯಿ ಬಿಡ್ತಿರಲಿಲ್ಲ.

ಇದು ನಮ್ಮ ಮನೆ ಕಥೆ, ದೊಡ್ಡದಾಗಿ ಇದೇ ಕೆಲಸ ಮುಂಚೆನೇ ನಡೆದಿತ್ತು ಅಂತ ನಂಗೆ ಆಮೇಲೆ ಗೊತ್ತಾಗಿದ್ದು. 2002ರ ಗಲಾಟೆ ಆದ್ಮೇಲೆ, 2003ರಲ್ಲಿ ಚೆನ್ನೈನ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಡೆವಲಪ್‌ಮೆಂಟ್ ಸ್ಟಡೀಸ್‌ನ ಪ್ರೊಫೆಸರ್ ಜನಕರಾಜನ್ ಅನ್ನೋರು ಮುಂದೆ ನಿಂತು ಎರಡೂ ರಾಜ್ಯದ ರೈತರನ್ನ ಕೂರಿಸಿದ್ರು, ಅದಕ್ಕೆ ಕಾವೇರಿ ಕುಟುಂಬ ಅಂತ ಹೆಸರಾಯ್ತು. ನಮ್ಮ ಕಡೆಯಿಂದ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ, ಅವರ ಕಡೆಯಿಂದ ಮನ್ನಾರ್‌ಗುಡಿ ರಂಗನಾಥನ್ ಇದ್ರು. ಈ ಪುಟ್ಟಣ್ಣಯ್ಯ ಮಂಡ್ಯದಲ್ಲಿ ನೀರಿನ ಚಳವಳಿ ಅಂದ್ರೆ ಮುಂದೆ ನಿಲ್ತಿದ್ದ ಮನುಷ್ಯ, ಅಂಥವರೇ ಹೋಗಿ ಕೂತ್ರು ಅನ್ನೋದು ಮುಖ್ಯ. ಮೆತ್ತಗಿನ ಜನ ಕೂತು ಮಾತಾಡಿದ್ರೆ ಊರಲ್ಲಿ ಯಾರೂ ನಂಬಲ್ಲ. ಅವರ ರೈತರು ಇಲ್ಲಿಗೆ ಬಂದು ನೋಡಿದ್ರು, ಇವರು ಅಲ್ಲಿಗೆ ಹೋಗಿ ನೋಡಿದ್ರು.

ಅದರಿಂದ ಕೇಸ್ ಮುಗೀತಾ? ಇಲ್ಲ. ಕಾವೇರಿ ನ್ಯಾಯಮಂಡಳಿ 2007ರಲ್ಲಿ ತೀರ್ಪು ಕೊಡ್ತು, 740 ಟಿಎಂಸಿಲಿ ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7, ಉಳಿದ 14 ಪರಿಸರಕ್ಕೆ, ಸಮುದ್ರಕ್ಕೆ ಅಂತ. 2018ರ ಫೆಬ್ರವರಿ 16ಕ್ಕೆ ಸುಪ್ರೀಂ ಕೋರ್ಟ್ ನಮಗೆ 14.75 ಟಿಎಂಸಿ ಜಾಸ್ತಿ ಮಾಡ್ತು. ಪುಟ್ಟಣ್ಣಯ್ಯ ಅದಾಗಿ ಎರಡೇ ದಿನಕ್ಕೆ ಮಂಡ್ಯದಲ್ಲಿ ಕಬಡ್ಡಿ ನೋಡ್ತಾ ನೋಡ್ತಾ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ರು. ಅಂಕಿ ನಿರ್ಧಾರ ಆಗಿದ್ದು ಕೋರ್ಟಲ್ಲೇ, ರೈತರು ಕೂತು ಮಾತಾಡಿದ ಜಾಗದಲ್ಲಿ ಅಲ್ಲ. ಮಾತುಕತೆ ಎಲ್ಲ ಬಗೆಹರಿಸುತ್ತೆ ಅಂತ ಆ ಸಂಸ್ಥೆಯವರು ಹೇಳಿದ್ರೆ ನಂಬಬೇಡಿ.

ನಮ್ಮಪ್ಪನ ನಿಲುವೂ ಬದಲಾಗಿಲ್ಲ. 2023ರ ಸೆಪ್ಟೆಂಬರಲ್ಲಿ ಮತ್ತೆ 5,000 ಕ್ಯೂಸೆಕ್ ಬಿಡಿ ಅಂದಾಗ ಮಂಡ್ಯಕ್ಕೆ ಬಸ್ ಹತ್ತಿ ಹೋಗಿ ವಿಶ್ವೇಶ್ವರಯ್ಯ ಪ್ರತಿಮೆ ಹತ್ರ ಧರಣಿ ಕೂತು ಬಂದ್ರು. ಅದೇ ಸಂಜೆ ರೂಮ್‌ಮೇಟ್ ಅಪ್ಪನ ಜೊತೆ ಫೋನು, ಅಷ್ಟೊತ್ತಿಗೆ ಇಬ್ರೂ ಹರಕು ಮುರುಕು ಇಂಗ್ಲಿಷು, ತಮಿಳು, ಕನ್ನಡ ಸೇರಿಸಿ ಏನೋ ಒಂದು ಭಾಷೆ ಮಾಡ್ಕೊಂಡಿದ್ರು, ಅವರೂ ಅವರ ಕಡೆ ಧರಣಿಗೆ ಹೋಗಿ ಬಂದಿದ್ರಂತೆ. ನಿಮ್ಮಲ್ಲಿ ಎಷ್ಟು ಜನ ಸೇರಿದ್ರು, ಊಟ ಕೊಟ್ರಾ, ಬರೀ ಮಜ್ಜಿಗೆನಾ ಅಂತ ವಿಚಾರಿಸ್ಕೊಂಡ್ರು. ನಂಗೆ ನಗು ತಡೆಯೋಕಾಗ್ಲಿಲ್ಲ. ಆದ್ರೆ ಆ ವಾರ ನಮ್ಮೂರ ಹುಡುಗ್ರು ತಮಿಳುನಾಡು ನಂಬರ್ ಪ್ಲೇಟ್ ಲಾರಿ ತಡೆಯೋಕೆ ಹೊರಟಾಗ ಮುಂದೆ ಹೋಗಿ ಬೈದು ವಾಪಸ್ ಕಳಿಸಿದ್ದು ನಮ್ಮಪ್ಪನೇ, 2016ರಲ್ಲಿ ಆಗಿದ್ರೆ ಅವರು ಜಗಲಿ ಮೇಲೆ ಕೂತು ನೋಡ್ತಿದ್ರು.

ನಿಮ್ಮೂರಿನ ವಿಷಯಕ್ಕೆ ಬರೋದಾದ್ರೆ, ಆ ಸಂಸ್ಥೆಯವರಿಗೆ ಹೇಳಿ, ಸಮುದಾಯ ಭವನದಲ್ಲಿ ಮೈಕ್ ಹಾಕಿ ಕೂರಿಸಬೇಡಿ ಅಂತ. ಮೈಕ್ ಸಿಕ್ಕಿದ್ರೆ ಎಲ್ರೂ ಭಾಷಣನೇ ಮಾಡೋದು. ಮೊಬೈಲಲ್ಲಿ ಯಾರೂ ವಿಡಿಯೋ ಮಾಡಬಾರದು. ಎರಡೂ ಗುಂಪಲ್ಲಿ ಜಾಸ್ತಿ ಗಲಾಟೆ ಮಾಡೋ ಇಬ್ಬಿಬ್ರನ್ನ ಬಿಟ್ಟು ಉಳಿದವರನ್ನ ಕರೆದ್ರೆ ಪ್ರಯೋಜನ ಇಲ್ಲ, ಅವರೇ ಬರಬೇಕು. ಮತ್ತೆ ಒಬ್ರು ಇನ್ನೊಬ್ರ ಜಾತಿನೋ ಧರ್ಮನೋ ಹಿಡಿದು ನೀನು ಈ ಊರಲ್ಲಿ ಇರಲೇಬಾರದು ಅನ್ನೋ ಮಟ್ಟಕ್ಕೆ ಹೋಗಿದ್ರೆ ಅದು ಬೇರೆ ಕಥೆ, ಅಲ್ಲಿ ಮೊದಲು ಪೊಲೀಸು ಕಾನೂನು, ಆಮೇಲೆ ಟೀ. ಮನೆ ವಿಷಯಕ್ಕೆ, ನಿಮ್ಮಪ್ಪ ದೊಡ್ಡಪ್ಪ ಇಬ್ರಿಗೂ ಸಂಬಂಧಪಟ್ಟ ಯಾವುದಾದ್ರೂ ಕೆಲಸ ಇದ್ದೇ ಇರುತ್ತೆ, ಬದು, ಬೋರು, ಖಾತೆ, ಅಜ್ಜಿ ಆಸ್ಪತ್ರೆ, ಏನೋ ಒಂದು. ಅದಕ್ಕೆ ಇಬ್ರನ್ನೂ ಒಂದೇ ಗಾಡಿಲಿ ಕಳಿಸಿ ನೋಡಿ, ನೀವು ಮಧ್ಯೆ ಕೂತ್ಕೊಳ್ಳಿ. ಬೈಗುಳ ಸಾಧ್ಯ ಆದಷ್ಟು ಟ್ರಾನ್ಸ್‌ಲೇಟ್ ಮಾಡ್ಬೇಡಿ.

ರೂಮ್‌ಮೇಟ್ ಈಗ ಕೊಯಮತ್ತೂರಲ್ಲಿದಾನೆ, ನಮ್ಮಿಬ್ರ ಮಧ್ಯೆ ಫೋನ್ ಕಮ್ಮಿ ಆಗಿದೆ. ಅವರಪ್ಪ ಮಾತ್ರ ಜೂನ್ ಬಂತು ಅಂದ್ರೆ ನಮ್ಮಪ್ಪಂಗೆ ತಪ್ಪದೆ ಫೋನ್ ಮಾಡ್ತಾರೆ, ಮೊದಲು ಆರೋಗ್ಯ, ಆಮೇಲೆ ಮಳೆ, ಆಮೇಲೆ ಮೆಲ್ಲಗೆ ಕೆಆರ್‌ಎಸ್ ಎಷ್ಟು ಅಡಿ ಅಂತ. ಅಪ್ಪ ಬೆಳಗ್ಗೆ ಪೇಪರಲ್ಲಿ ನೋಡಿರ್ತಾರೆ, ಆದ್ರೂ ಎರಡಡಿ ಕಮ್ಮಿನೇ ಹೇಳೋದು. ಅವರಿಗೂ ಅದು ಗೊತ್ತು, ಎರಡಡಿ ಸೇರಿಸ್ಕೊಂಡೇ ಲೆಕ್ಕ ಹಾಕ್ತಾರಂತೆ.